ವಸಡಿನ ಬಣ್ಣ

ಅರವತ್ತಮೂರು ವರ್ಷದ ಗಂಡಸು ಒಂದು ಮೀನಿನ ಮೇಲೆ ಎಂಟು ತಿಂಗಳು ಮುನಿಸಿಕೊಂಡು ಕೂತರೆ ನೋಡಿದವರು ನಗುವುದಿಲ್ಲವೇ? ಅದೂ ಜೀವ ಇರುವ ಮೀನಲ್ಲ. ಬೆರಳುದ್ದದ, ಕಣ್ಣಿಲ್ಲದ, ಬಣ್ಣವಿಲ್ಲದ ಮೀನು. ಅಂಗಡಿಯಲ್ಲಿ ಲ್ಯೂರ್ ಅಂತ ಕೇಳಿದರೆ ಇಂಥದ್ದನ್ನೇ ಕೊಡುತ್ತಾರೆ. ಗಾಳದ ದಾರದ ತುದಿಗೆ ಕಟ್ಟಿ ದೂರ ಎಸೆದು ಎಳೆಯುತ್ತಾ ಬಂದರೆ, ಯಾವುದೋ ಮರಿಮೀನು ದಾರಿ ತಪ್ಪಿ ಈಜುತ್ತಿದೆ ಎಂದುಕೊಂಡು ದೊಡ್ಡ ಮೀನು ಬಂದು ಕಚ್ಚಬೇಕು. ಪೇಂಟರನ ಭಾವ ಅದಕ್ಕೆ ಸುಳ್ಳುಮೀನು ಎನ್ನುತ್ತಿದ್ದರು. ಅವರು ತಮ್ಮ ಕೈಯಾರೆ ಮಾಡಿದ ಕೊನೆಯ ಸುಳ್ಳುಮೀನು ಅದು. ಪೇಂಟರ್ ಅದನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ, ಮೇಜಿನ ಡ್ರಾಯರಿನಲ್ಲಿ ಒಣಗಿದ ಬ್ರಷ್ಷುಗಳ ಕೆಳಗೆ ತುರುಕಿಟ್ಟಿದ್ದ. ಡ್ರಾಯರ್ ಎಳೆದಾಗಲೆಲ್ಲ ಗಂಟು ಕೈಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಭಾವ ಆಡಿದ ಕೊನೆಯ ಮಾತು ನೆನಪಾಗಿ ಮೊದಲು ಸಿಟ್ಟು, ಅದರ ಬೆನ್ನಿಗೇ ಅಳು ಬರುತ್ತಿತ್ತು.

ಭಾವ ಅಂದರೆ ಅಕ್ಕನ ಗಂಡ. ಕಟ್ಟುಹಲ್ಲು ಮಾಡುವ ಮೆಕ್ಯಾನಿಕ್. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಸರಿಯಾಗಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಕೂರಿಸಿ, ಪುಟಾಣಿ ಡ್ರಿಲ್ಲಿನಲ್ಲಿ ಉಜ್ಜಿ ಕೊಡುತ್ತಿದ್ದರು. ಬೀದಿಯಲ್ಲಿ ವಯಸ್ಸಾದವರು ಯಾರಾದರೂ ಬಾಯ್ತುಂಬ ನಕ್ಕರೆ, ಅದು ತನ್ನ ಕೆಲಸವೋ ಅಲ್ಲವೋ ಎಂದು ನಿಂತು ನೋಡುವ ಚಟ ಅವರಿಗೆ. ಅಕ್ಕ ಇದಕ್ಕಾಗಿ ಎಷ್ಟೋ ಸಲ ಅವರ ತೋಳು ಹಿಡಿದು ಎಳೆದುಕೊಂಡು ಹೋಗಿದ್ದಳು.

ಹಲ್ಲಿನ ಕೆಲಸದಲ್ಲಿ ಉಳಿದ ಬಿಳಿ ವಸ್ತುವಿನಿಂದಲೇ ಭಾವ ಸುಳ್ಳುಮೀನು ಮಾಡುತ್ತಿದ್ದರು. ಎರಡು ಹೋಳು ಎರಕ ಹೊಯ್ದು, ನಡುವೆ ಸೈಕಲ್ ಚಕ್ರದ ಎರಡು ಉಕ್ಕಿನ ಗುಂಡು ಹಾಕಿ, ಅಂಟಿಸಿಬಿಡುವುದು. ನೀರಲ್ಲಿ ಎಳೆದಾಗ ಗುಂಡು ಒಳಗೆ ಕಟಕಟ ಬಡಿದುಕೊಳ್ಳಬೇಕು. ಯಾಕೆಂದರೆ ಅವರು ಗಾಳ ಹಾಕುತ್ತಿದ್ದದ್ದು ನದಿ ಸಮುದ್ರ ಸೇರುವ ಅಳಿವೆಯಲ್ಲಿ. ನದಿ ತಂದ ಮಣ್ಣು, ಉಬ್ಬರ ಎಬ್ಬಿಸಿದ ಕೆಸರು ಎರಡೂ ಸೇರಿ ಅಲ್ಲಿಯ ನೀರು ವರ್ಷವಿಡೀ ಹಾಲು ಬೆರೆಸಿದ ಚಹಾದ ಹಾಗೆ ಇರುತ್ತಿತ್ತು. ಕೈ ಅದ್ದಿದರೆ ಮಣಿಕಟ್ಟಿನಿಂದ ಕೆಳಗೆ ಕೈಯೇ ಇಲ್ಲ. ಅಂಥ ನೀರಿನಲ್ಲಿ ಮೊಳಕೈ ಉದ್ದದ ಬಾಸ್ ಮೀನುಗಳು ಹಳೆಯ ದೋಣಿಕಟ್ಟೆಯ ಕಲ್ಲಿನ ಸಂದಿಯಲ್ಲಿ ಹೊಂಚು ಹಾಕಿ ಕೂತಿರುತ್ತಿದ್ದವು.

ಬಣ್ಣ ಬಂದದ್ದು ಆಮೇಲೆ. ಪೇಂಟರ್ ಅಂಗಡಿಗಳ ಬೋರ್ಡು ಬರೆಯುವವನು. ಅವನು ಬರೆದ ಅಕ್ಷರ ಕೆಳಗೆ ಬಿದ್ದರೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ ಎಂದು ಜನ ಹೊಗಳುತ್ತಿದ್ದ ಕಾಲ ಒಂದಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಅಚ್ಚಾಗುವ ಫ್ಲೆಕ್ಸ್ ಬೋರ್ಡು ಬಂತು. ಒಂದೇ ವರ್ಷದಲ್ಲಿ ಅವನನ್ನು ಕರೆಯುವವರು ಇಲ್ಲವಾದರು. ಅವನು ಏಣಿಯನ್ನು ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ತಾನೂ ಒರಗಿ ಕೂತ. ಮೂರು ತಿಂಗಳು ಗಡ್ಡ ತೆಗೆಯಲಿಲ್ಲ. ಹೆಂಡತಿ ಮಾತಾಡಿಸಿದರೆ ಸಿಡುಕುತ್ತಿದ್ದ, ಮಾತಾಡಿಸದಿದ್ದರೆ ಇನ್ನೂ ಸಿಡುಕುತ್ತಿದ್ದ.

ಆಗ ಒಂದು ಭಾನುವಾರ ಭಾವ ಬಂದು, ಏನೂ ಗೊತ್ತಿಲ್ಲದವರ ಹಾಗೆ, ಜೇಬಿನಿಂದ ಒಂದು ಬಿಳಿ ಸುಳ್ಳುಮೀನು ತೆಗೆದು ಕೊಟ್ಟರು. ಮೀನು ಯಾಕೋ ಕಚ್ಚುತ್ತಿಲ್ಲ, ಬಹುಶಃ ಬಣ್ಣ ಇಲ್ಲದ್ದಕ್ಕೆ ಇರಬೇಕು, ಸ್ವಲ್ಪ ನೋಡು ಎಂದರು. ಪೇಂಟರ್ ಅದನ್ನು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿದವನು ವಾರವಿಡೀ ಬಿಡಲಿಲ್ಲ. ಬೆನ್ನಿಗೆ ಹಸಿರು, ಪಕ್ಕೆಗೆ ಬೆಳ್ಳಿ, ಹಳೆಯ ಸೊಳ್ಳೆಪರದೆಯ ಚೂರನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಬಣ್ಣ ಊದಿ ಹುರುಪೆ, ಬೆಂಕಿಕಡ್ಡಿಯ ತುದಿಯಿಂದ ಒತ್ತಿದ ಕಣ್ಣು. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ವಾರ್ನಿಷ್ ಚೆನ್ನಾಗಿ ಒಣಗಲಿ, ಒಂದು ವಾರ ನನ್ನ ಕೋಣೆಯಲ್ಲಿ ತೂಗುಹಾಕಿರುತ್ತೇನೆ ಎಂದು ತೆಗೆದುಕೊಂಡು ಹೋದರು. ಮುಂದಿನ ವಾರ ಅಳಿವೆಗೆ ಹೋದಾಗ ಅದನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರು. ಕಟಕಟ. “ಮಾತಾಡ್ತಿದೆ” ಎಂದು ದಾರಕ್ಕೆ ಕಟ್ಟಿದರು. ನಾಲ್ಕನೆಯ ಎಸೆತಕ್ಕೆ ಕೋಲು ಬಿಲ್ಲಾಗಿ ಬಾಗಿತು. ಮೇಲೆತ್ತಿದ ಕೈಬಲೆಯೊಳಗೆ ಬಾಸ್ ಒದ್ದಾಡುತ್ತಿದ್ದಾಗ ಭಾವ ಅವನ ಬೆನ್ನಿಗೆ ಗುದ್ದಿ ಹೇಳಿದರು, “ನಿನ್ನ ಬಣ್ಣಕ್ಕೇ ಬಿತ್ತು ನೋಡು.”

ಅಂದು ಸಂಜೆ ಪೇಂಟರ್ ಗಡ್ಡ ತೆಗೆದ.

ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಭಾವ ಮಾಡುವುದು, ಇವನು ಬಣ್ಣ ಹಾಕುವುದು, ಭಾವ ಒಂದು ವಾರ ಒಣಗಿಸುವುದು. ನೀರಿನ ಹತ್ತಿರ ಗಂಟು ಕಟ್ಟುವುದು, ಕೊಕ್ಕೆ ಬಿಡಿಸುವುದು ಎಲ್ಲ ಭಾವನದೇ. ಇವನು ಒಮ್ಮೆ ಕನ್ನಡಕವನ್ನು ಅಳಿವೆಗೆ ಬೀಳಿಸಿಕೊಂಡ ಮೇಲೆ ಹೆಂಡತಿ ಹೊಸ ಕನ್ನಡಕವನ್ನು ಅಲ್ಲಿಗೆ ಒಯ್ಯಬಾರದೆಂದು ಕಟ್ಟಪ್ಪಣೆ ಮಾಡಿದ್ದಳು. ಕನ್ನಡಕವಿಲ್ಲದೆ ಹತ್ತಿರದ್ದು ಅವನಿಗೆ ಎಲ್ಲವೂ ರಾಡಿ ನೀರೇ. ಹಳೆಯ ಸುಳ್ಳುಮೀನಿಗೆ ಮತ್ತೆ ಬಣ್ಣ ಹಾಕಿಕೊಡುತ್ತೇನೆ ಎಂದರೆ ಭಾವ ಒಪ್ಪುತ್ತಿರಲಿಲ್ಲ, ಹೊಸದೇ ಮಾಡಿಕೊಡುತ್ತಿದ್ದರು. ಕಟ್ಟೆಯ ಮೇಲೆ ಇವರ ಪಕ್ಕದಲ್ಲೇ ಗಾಳ ಹಾಕುತ್ತಿದ್ದ ರಿಟೈರಾದ ಪೋಸ್ಟ್‌ಮಾಸ್ತರು, ಈ ನೀರಲ್ಲಿ ಮೀನಿಗೆ ತನ್ನ ಬಾಲವೇ ಕಾಣುವುದಿಲ್ಲ, ಇನ್ನು ನಿಮ್ಮ ಚಿತ್ತಾರ ಎಲ್ಲಿ ಕಾಣಬೇಕು ಎಂದು ವಾರಕ್ಕೊಮ್ಮೆ ರೇಗಿಸುತ್ತಿದ್ದರು. ಭಾವ ಮುಖ ಗಂಟಿಕ್ಕಿಕೊಂಡು, ಕಾಣುತ್ತೆ ರೀ, ನಿಮಗೇನು ಗೊತ್ತು ಎಂದು ಬಾಯಿ ಮುಚ್ಚಿಸುತ್ತಿದ್ದರು. ಆ ಭಾನುವಾರಗಳಲ್ಲಿ ಬೆಳಗಿನ ಬಿಸಿಲು ಕಲ್ಲಿಗೆ ತಾಗುವ ಹೊತ್ತಿಗೆ ಫ್ಲಾಸ್ಕಿನ ಮುಚ್ಚಳದಲ್ಲಿ ಸುರಿದ ಕಾಫಿಯನ್ನು ಇಬ್ಬರೂ ಒಂದೊಂದು ಗುಟುಕು ಹಂಚಿಕೊಂಡು ಕುಡಿಯುತ್ತಿದ್ದರು. ಅಷ್ಟು ರುಚಿಯ ಕಾಫಿ ಪೇಂಟರ್ ಆಮೇಲೆ ಎಲ್ಲೂ ಕುಡಿದಿಲ್ಲ.

ಅಂಥ ಭಾವ ಎಂಟು ತಿಂಗಳ ಹಿಂದೆ, ಅದೇ ಕಟ್ಟೆಯ ಮೇಲೆ, ಹೊಸ ಸುಳ್ಳುಮೀನೊಂದನ್ನು ತೋರಿಸಿ ಹೇಳಿದ್ದರು, “ಇದಕ್ಕೆ ಬಣ್ಣ ಬೇಡ ಕಣಯ್ಯಾ. ಈ ಸಲ ಹೀಗೇ ಕಟ್ಟೋಣ.”

ಪೋಸ್ಟ್‌ಮಾಸ್ತರು ಕಿಸಕ್ಕನೆ ನಕ್ಕರು. ಪೇಂಟರನಿಗೆ ಮೂಗಿನ ತುದಿಯಲ್ಲೇ ಕೋಪ. “ಹಾಗಾದ್ರೆ ಇಷ್ಟು ವರ್ಷ ಯಾಕೆ ಬೇಕಾಗಿತ್ತು, ಭಾವ?” ಎಂದು ಕೇಳಿದ. ಭಾವ, ಹಾಗಲ್ಲ ಎಂದರು. ಹಾಗಲ್ಲದಿದ್ದರೆ ಹೇಗೆ ಎಂದು ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಗೊಣಗಿ ಕೈಗಳನ್ನು ಜೇಬಿಗೆ ಇಳಿಸಿಕೊಂಡರು. ಪೇಂಟರ್ ಸುಳ್ಳುಮೀನನ್ನು ಎತ್ತಿಕೊಂಡು ನೆಟ್ಟಗೆ ಮನೆಗೆ ನಡೆದ. ಮೂರು ಭಾನುವಾರ ಅಳಿವೆಯ ಕಡೆ ತಲೆ ಹಾಕಲಿಲ್ಲ. ಅಕ್ಕ ಫೋನ್ ಮಾಡಿದರೆ ಕೆಲಸವಿದೆ ಎಂದ, ಇಲ್ಲದ ಕೆಲಸ. ನಾಲ್ಕನೆಯ ವಾರ ಭಾವ ಮಲಗಿದವರು ಏಳಲಿಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಆದರೆ ಪೇಂಟರನನ್ನು ಕೊರೆಯುತ್ತಿದ್ದದ್ದು ಅದೊಂದೇ ಅಲ್ಲ. ಇಪ್ಪತ್ತೆರಡು ವರ್ಷ ತನ್ನ ಬಣ್ಣಕ್ಕೆ ಮೀನು ಬಿತ್ತೋ, ಅಥವಾ ಕೆಲಸ ಕಳೆದುಕೊಂಡ ಮೈದುನನ ಕೈಗೆ ಭಾವ ಒಂದು ಆಟಿಕೆ ಕೊಟ್ಟು ಕೂರಿಸಿದ್ದರೋ? ಎರಡನೆಯದೇ ನಿಜವಾದರೆ ತನ್ನ ಬದುಕಿನ ಮೂರರಲ್ಲೊಂದು ಪಾಲು ಬರೀ ಸಮಾಧಾನದ ಮಾತಿನ ಮೇಲೆ ನಿಂತಿತ್ತು ಎಂದಾಯಿತು. ಇದನ್ನು ಕೇಳೋಣವೆಂದರೆ ಹೇಳಬೇಕಾದವರೇ ಇಲ್ಲ.

ಹೀಗಿರುವಾಗ ಒಂದು ಸೋಮವಾರ ಅಕ್ಕ ಫೋನ್ ಮಾಡಿದಳು. ಹಿಂದಿನ ಕೋಣೆ ಖಾಲಿ ಮಾಡಿಸುತ್ತಿದ್ದೇನೆ, ನಿನ್ನ ಭಾವನ ಮೀನಿನ ಪೆಟ್ಟಿಗೆ ನೀನೇ ಬಂದು ತೆಗೆದುಕೊಂಡು ಹೋಗು, ಬೇರೆಯವರ ಕೈಗೆ ಕೊಡುವ ಮನಸ್ಸಿಲ್ಲ ಎಂದಳು. ಪೇಂಟರ್ ಹೂಂ ಎಂದ. ಫೋನ್ ಇಟ್ಟು ಡ್ರಾಯರ್ ಎಳೆದು ಬನಿಯನ್ನಿನ ಗಂಟು ಬಿಚ್ಚಿದ. ಬಿಚ್ಚುವಾಗ ಅದು ಒಳಗೆ ಕಟಕಟ ಎಂದಿತು. ಅವನು ತೀರ್ಮಾನ ಮಾಡಿದ: ಇದಕ್ಕೆ ತನ್ನ ಜೀವಮಾನದ ಅತಿ ಒಳ್ಳೆಯ ಬಣ್ಣ ಹಾಕುವುದು. ಭಾನುವಾರ ಅಳಿವೆಗೆ ಎಸೆಯುವುದು. ಒಂದೇ ಒಂದು ಬಾಸ್ ಕಚ್ಚಿದರೂ ಸಾಕು, ಭಾವ ಹೇಳುತ್ತಿದ್ದದ್ದು ನಿಜ. ಕಚ್ಚದಿದ್ದರೆ ಬ್ರಷ್ಷು, ಗಾಳದ ಕೋಲು ಎರಡೂ ಅಟ್ಟಕ್ಕೆ.

ಆರು ದಿನ ಅವನು ಬೇರೆ ಏನೂ ಮಾಡಲಿಲ್ಲ. ಮೊದಲು ಮರಳುಕಾಗದದಿಂದ ಉಜ್ಜಿದ. ಹೊಟ್ಟೆಯ ಕೆಳಗೆ, ಕೊಕ್ಕೆ ತೂಗುವ ಕೊಂಡಿಯ ಹಿಂದೆ, ಅಕ್ಕಿಕಾಳಿನಷ್ಟು ದೊಡ್ಡ ಒಂದು ಸೀಳು ಇತ್ತು. ಭಾವ ಮಾಡಿದ ಪ್ರತಿ ಮೀನಿನಲ್ಲೂ ಅದು ಇರುತ್ತಿತ್ತು. ಹಲ್ಲಿನಲ್ಲಿ ಕೂದಲೆಳೆಯಷ್ಟು ಸಂದು ಬಿಡದ ಮನುಷ್ಯನಿಗೆ ಮೀನಿನ ಎರಕ ಮಾತ್ರ ಕೊನೆಯವರೆಗೂ ಕೈಹತ್ತಲಿಲ್ಲವಲ್ಲ ಎಂದು ಪೇಂಟರನಿಗೆ ನಗು ಬಂತು, ಕಣ್ಣು ಮಂಜಾಯಿತು. ಬೋರ್ಡು ಬರೆಯುವವನಿಗೆ ತೂತು ಕಂಡರೆ ಕೈ ಸುಮ್ಮನಿರುವುದಿಲ್ಲ. ಎಂದಿನಂತೆ ಪುಟ್ಟಿ ಒತ್ತಿ ತುಂಬಿ, ನುಣ್ಣಗೆ ಉಜ್ಜಿ, ಅದರ ಮೇಲೆ ಬಣ್ಣ ಹಾಕಿದ. ಶನಿವಾರ ಸಂಜೆ ನೋಡಿದ ಹೆಂಡತಿ, ಇದನ್ನು ನೀರಿಗೆ ಹಾಕುವುದಕ್ಕಿಂತ ಷೋಕೇಸಿನಲ್ಲಿ ಇಡಬಹುದು ಎಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಇಳಿತದ ನೀರು ಕಟ್ಟೆಯ ಕಲ್ಲುಗಳನ್ನು ಸವರಿಕೊಂಡು ಹೋಗುತ್ತಿತ್ತು. ಮೀನು ಕಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹೆಂಡತಿಯನ್ನು ಒಪ್ಪಿಸಿ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಬಂದಿದ್ದ ಪೇಂಟರ್ ಮೊದಲ ಬಾರಿಗೆ ತಾನೇ ಗಂಟು ಕಟ್ಟಿದ. ಎಸೆದ. ಎಳೆದ. ಹತ್ತು ಸಲ, ಇಪ್ಪತ್ತು ಸಲ, ನಲವತ್ತು ಸಲ. ಪಕ್ಕದಲ್ಲಿ ಪೋಸ್ಟ್‌ಮಾಸ್ತರು ಅಂಗಡಿಯ ಸಾಮಾನ್ಯ ಲ್ಯೂರಿಗೆ ಎರಡು ಬಾಸ್ ಹಿಡಿದರು. ಎರಡನೆಯದನ್ನು ಬುಟ್ಟಿಗೆ ಹಾಕಿದಾಗ ಅವರಿಗೇ ಸಂಕೋಚವಾಯಿತೋ ಏನೋ, ಬಣ್ಣದ ಮಾತು ಎತ್ತಲಿಲ್ಲ. ಆ ಮೌನವೇ ಪೇಂಟರನಿಗೆ ಗಾಯದ ಮೇಲೆ ಉಪ್ಪು ಸುರಿದಂತಾಯಿತು.

ಬಿಸಿಲು ಕಲ್ಲಿಗೆ ತಾಗಿತು. ನೀರು ನಿಂತಿತು. ಅವನು ಸುಳ್ಳುಮೀನನ್ನು ಮೇಲೆಳೆದು ಅಂಗೈಯಲ್ಲಿ ಇಟ್ಟುಕೊಂಡ. ಬಣ್ಣದಲ್ಲಿ ಒಂದು ಕುಂದಿಲ್ಲ. ಎಲ್ಲ ಮುಗಿಯಿತು ಎಂದುಕೊಂಡು, ಭಾವ ಮಾಡುತ್ತಿದ್ದ ಹಾಗೆ ಅದನ್ನು ಕಿವಿಯ ಪಕ್ಕ ಹಿಡಿದು ಸುಮ್ಮನೆ ಅಲ್ಲಾಡಿಸಿದ.

ಸದ್ದೇ ಇಲ್ಲ. ಮತ್ತೆ ಅಲ್ಲಾಡಿಸಿದ. ಮೀನು ಮೂಕವಾಗಿತ್ತು.

ಭಾವ ಗುಂಡು ಹಾಕುವುದನ್ನು ಮರೆತಿದ್ದರೇ? ಇಲ್ಲ, ಸೋಮವಾರ ಗಂಟು ಬಿಚ್ಚುವಾಗ ಕಟಕಟ ಎಂದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅಂದರೆ ಬಣ್ಣ ಹಾಕುವ ಮೊದಲು ಅದಕ್ಕೆ ಮಾತು ಬರುತ್ತಿತ್ತು. ಪೇಂಟರ್ ಕೋಲು ಮಡಚಿಕೊಂಡು, ಪೋಸ್ಟ್‌ಮಾಸ್ತರಿಗೆ ಬರುತ್ತೇನೆ ಎಂದೂ ಹೇಳದೆ, ಸೀದಾ ಅಕ್ಕನ ಮನೆಗೆ ನಡೆದ.

ಅಕ್ಕ ಹಿಂದಿನ ಕೋಣೆಯ ಬಾಗಿಲು ತೆಗೆದುಕೊಟ್ಟಳು. ಮೇಣದ ವಾಸನೆ ಇನ್ನೂ ಇತ್ತು. ಕಿಟಕಿಯ ಕೆಳಗಿನ ಮೇಜು, ಅದರ ಅಂಚಿಗೆ ಬಿಗಿದ ಪುಟಾಣಿ ಡ್ರಿಲ್ಲು, ಯಾರೂ ಬಂದು ಒಯ್ಯದ ಒಂದು ಜೊತೆ ಹಲ್ಲು. ತಗಡಿನ ಪೆಟ್ಟಿಗೆ ಮೇಜಿನ ಮೇಲಿತ್ತು. ಪೇಂಟರ್ ಕನ್ನಡಕ ಏರಿಸಿ ಮುಚ್ಚಳ ತೆಗೆದ. ಮೂವತ್ತೆಂಟು ಸುಳ್ಳುಮೀನು, ಎಲ್ಲ ತನ್ನ ಕೈಕೆಲಸ, ಒಂದೊಂದಕ್ಕೂ ಒಂದೊಂದು ಭಾನುವಾರ. ಒಂದನ್ನೆತ್ತಿ ಅಲ್ಲಾಡಿಸಿದ. ಕಟಕಟ. ಇನ್ನೊಂದು. ಕಟಕಟ. ತಿರುಗಿಸಿ ಹೊಟ್ಟೆ ನೋಡಿದ.

ತಾನು ಪುಟ್ಟಿ ತುಂಬಿ ಮುಚ್ಚಿದ ಜಾಗದಲ್ಲಿ ಅಕ್ಕಿಕಾಳಿನಷ್ಟು ಸೀಳು ಮತ್ತೆ ತೆರೆದಿತ್ತು. ಅಂಚು ನೀಟಾಗಿತ್ತು, ಡ್ರಿಲ್ಲಿನಲ್ಲಿ ಕೊರೆದದ್ದು. ಡ್ರಿಲ್ಲು ತಾಗಿ ಎದ್ದುಹೋದ ಬೆಳ್ಳಿಬಣ್ಣದ ಜಾಗದಲ್ಲಿ, ಸೀಳಿನ ಸುತ್ತ, ಯಾರೋ ಗುಲಾಬಿ ಬಣ್ಣ ಹಚ್ಚಿದ್ದರು. ಕಟ್ಟುಹಲ್ಲಿನ ವಸಡಿನ ಬಣ್ಣ. ಮೂವತ್ತೆಂಟನ್ನೂ ತಿರುಗಿಸಿದ. ಮೂವತ್ತೆಂಟಕ್ಕೂ ಹೊಟ್ಟೆಯ ಕೆಳಗೆ ಒಂದು ಗುಲಾಬಿ ಉಂಗುರ.

“ಅಕ್ಕಾ, ಇದೇನು?”

ಅಕ್ಕ ಬಾಗಿಲಿಗೆ ಒರಗಿ ನಿಂತಳು. ಅವಳಿಗೆ ಎಪ್ಪತ್ತಾಗಿದ್ದರೂ ತಮ್ಮನ ಹತ್ತಿರ ಕಳ್ಳತನ ಸಿಕ್ಕಿಬಿದ್ದಾಗ ಚಿಕ್ಕ ಹುಡುಗಿಯ ಹಾಗೆ ಸೆರಗಿನ ತುದಿ ಸುತ್ತುತ್ತಿದ್ದಳು. ಆ ಸೀಳು ಬೇಕೆಂದೇ ಬಿಟ್ಟದ್ದು, ಅದರ ಮೂಲಕ ನೀರು ಒಳಗೆ ಹೊರಗೆ ಆಡಬೇಕು, ಆಗಲೇ ಗುಂಡಿನ ಸದ್ದು ದೂರ ಹೋಗುವುದು ಎಂದು ವಿವರಿಸಿದಳು. ಕಾಣದ ನೀರಿನಲ್ಲಿ ಬಾಸ್ ಹುಡುಕಿಕೊಂಡು ಬರುವುದು ಆ ಸದ್ದಿಗೆ. ಇವನು ಪುಟ್ಟಿ ಒತ್ತಿದರೆ ಅದು ಒಳಗಿಳಿದು ಗುಂಡನ್ನು ಹಿಡಿದುಬಿಡುತ್ತಿತ್ತು. ಒಣಗಿಸುವ ವಾರದಲ್ಲಿ ಭಾವ ಕೂತು ಕೊರೆದು, ಪುಟ್ಟಿ ತೆಗೆದು, ಬಣ್ಣ ಹೋದದ್ದು ಇವನ ಕಣ್ಣಿಗೆ ಬೀಳದಿರಲಿ ಎಂದು ಕೈಯಲ್ಲಿದ್ದ ಬಣ್ಣ ಬಳಿಯುತ್ತಿದ್ದರು.

“ಒಂದು ಮಾತು ಹೇಳಿದ್ರೆ ಪುಟ್ಟಿ ಹಾಕ್ತಾನೇ ಇರಲಿಲ್ಲವಲ್ಲ” ಎಂದ ಪೇಂಟರ್.

“ಮೊದಲನೇ ಸಲ ಹೇಳೋಕೆ ಮನಸ್ಸು ಬರಲಿಲ್ಲ ಕಣೋ ಮರಿ. ಮೂರು ತಿಂಗಳಾದ ಮೇಲೆ ಬ್ರಷ್ ಹಿಡಿದಿದ್ದೆ, ಅದನ್ನೂ ತಪ್ಪು ಮಾಡಿದ್ದೀಯ ಅಂತ ಹೇಗೆ ಹೇಳೋದು? ಎರಡನೇ ಸಲ ಹೇಳಿದ್ರೆ ಮೊದಲನೇ ಸಲ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಹತ್ತನೇ ಸಲ ಹೇಳೋ ಮಾತೇ ಅಲ್ಲ. ಹಾಗೇ ಇಪ್ಪತ್ತೆರಡು ವರ್ಷ ಆಗೋಯ್ತು.”

“ಮತ್ತೆ ಕೊನೇದಕ್ಕೆ ಬಣ್ಣ ಬೇಡ ಅಂದ್ರಲ್ಲ.”

ಅಕ್ಕ ಸುತ್ತಿದ್ದ ಸೆರಗು ಬಿಟ್ಟಳು. “ಕೈ ನಡುಕ ಶುರುವಾಗಿತ್ತು. ಯಾರಿಗೂ ಹೇಳಬೇಡ ಅಂದಿದ್ರು. ಡ್ರಿಲ್ ಹಿಡಿಯೋಕೆ ಹೋಗಿ ನೀನು ಬಣ್ಣ ಹಾಕಿದ್ದ ಎರಡು ಮೀನು ಒಡೆದು ಹಾಕಿದ್ರು. ಅವತ್ತು ರಾತ್ರಿ ಊಟ ಮಾಡಲಿಲ್ಲ. ಬಣ್ಣ ಬೇಡ ಅಂತಲ್ಲವೋ. ಮತ್ತೆ ತೂತು ಕೊರೆಯೋಕೆ ತಮ್ಮ ಕೈಲಿ ಆಗಲ್ಲ ಅಂತ.”

ಆಗ ಭಾವ ಕೈಗಳನ್ನು ಜೇಬಿಗೆ ಇಳಿಸಿಕೊಂಡದ್ದು ಪೇಂಟರನ ಕಣ್ಣಿಗೆ ಕಟ್ಟಿತು.

ಅವನು ಕುರ್ಚಿ ಎಳೆದು ಕೂತು, ಮೂವತ್ತೆಂಟು ಮೀನುಗಳನ್ನೂ ಹೊಟ್ಟೆ ಮೇಲೆ ಮಾಡಿ, ಮಾಡಿದ ಕ್ರಮದಲ್ಲೇ ಮೇಜಿನ ಮೇಲೆ ಸಾಲಾಗಿ ಇಟ್ಟ. ಕ್ರಮ ಅವನಿಗೆ ಬಾಯಿಪಾಠ. ಮೊದಮೊದಲ ಉಂಗುರಗಳು ಅಡ್ಡಾದಿಡ್ಡಿ; ಕೈಗೆ ಸಿಕ್ಕಿದ ಹತ್ತಿಯಲ್ಲಿ ಒರೆಸಿದ ಹಾಗಿದ್ದವು. ಏಳನೆಯದರ ಹೊತ್ತಿಗೆ ಭಾವನಿಗೆ ಒಂದು ಬ್ರಷ್ ಸಿಕ್ಕಿತ್ತು. ಅದು ಯಾವ ಬ್ರಷ್ ಎಂದು ಮೇಜಿನ ಮೂಲೆಯ ಡಬ್ಬಿ ನೋಡಿದಾಗ ಗೊತ್ತಾಯಿತು: ತಾನು ಕಳೆದುಹೋಯಿತೆಂದು ಹೆಂಡತಿಯ ಮೇಲೆ ಎರಡು ದಿನ ಕೂಗಾಡಿದ್ದ, ಒಳ್ಳೆಯ ಕೂದಲಿನ ಜೀರೋ ನಂಬರ್ ಬ್ರಷ್. ಹದಿನೈದನೆಯ ಮೀನಿನಲ್ಲಿ ಗೆರೆ ನೇರವಾಯಿತು. ಇಪ್ಪತ್ತರ ಆಚೆ ಉಂಗುರಗಳು ದುಂಡಗೆ, ಒಂದೇ ದಪ್ಪದಲ್ಲಿ, ಯಾವ ಬೋರ್ಡು ಬರೆಯುವವನೂ ತಲೆದೂಗುವ ಹಾಗಿದ್ದವು. ಕೈ ಪಳಗಿದೆ, ಎಂದುಕೊಂಡ ಪೇಂಟರ್. ಮೈದುನನಿಗೆ ಗೊತ್ತಾಗಬಾರದೆಂದು ಬಣ್ಣ ಬಳಿಯುತ್ತಾ ಬಳಿಯುತ್ತಾ ಭಾವ ಮೈದುನನ ಕೆಲಸವನ್ನೇ ಕಲಿತುಬಿಟ್ಟಿದ್ದರು. ಕೊನೆಯ ನಾಲ್ಕರಲ್ಲಿ ಗೆರೆ ಮತ್ತೆ ನಡುಗಿತ್ತು. ಮೂವತ್ತೆಂಟನೆಯದರಲ್ಲಿ ಉಂಗುರ ಪೂರ್ತಿ ಕೂಡಿರಲೇ ಇಲ್ಲ.

ಪೇಂಟರ್ ಅತ್ತುಬಿಟ್ಟ. ಅಕ್ಕ ಬಂದು ತಲೆ ಸವರಿ, ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದಳು.

ಕಾಫಿ ಬರುವ ಹೊತ್ತಿಗೆ ಅವನು ಡ್ರಿಲ್ಲು ಚಾಲೂ ಮಾಡಿ, ಜೇಬಿನಲ್ಲಿದ್ದ ಕೊನೆಯ ಮೀನಿನ ಹೊಟ್ಟೆಯ ಪುಟ್ಟಿಯನ್ನು ಕೊರೆದು ತೆಗೆದಿದ್ದ. ಅಕ್ಕ ಕೇಳದೆಯೇ ಕಪಾಟಿನಿಂದ ವಸಡಿನ ಬಣ್ಣದ ಬಾಟಲಿ ತೆಗೆದುಕೊಟ್ಟಳು. ಇಪ್ಪತ್ತು ವರ್ಷ ಏಣಿಯ ಮೇಲೆ ನಿಂತು ಗೆರೆ ಎಳೆದ ಕೈ ಅಂದು ಅಕ್ಕಿಕಾಳಿನಷ್ಟು ಸೀಳಿನ ಸುತ್ತ ಬ್ರಷ್ ತಿರುಗಿಸಲು ಒದ್ದಾಡಿತು. ಕಣ್ಣೀರಿಗೆ ಕನ್ನಡಕ ಮಂಜಾಗಿತ್ತು. ಉಂಗುರ ಸೊಟ್ಟಗಾಯಿತು. ಅಕ್ಕ ಬಗ್ಗಿ ನೋಡಿ, ಥೇಟ್ ಅವರು ಹಾಕಿದ ಹಾಗೇ ಇದೆ ಎಂದಳು. ಒಣಗಿದ ಮೇಲೆ ಅವಳೇ ಅದನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದಳು.

“ಮಾತಾಡ್ತಿದೆ” ಎಂದಳು.

ಮುಂದಿನ ಭಾನುವಾರ ಅಕ್ಕನೂ ಕೈಬಲೆ ಹಿಡಿದು ಕಟ್ಟೆಗೆ ಬಂದಳು. ಫ್ಲಾಸ್ಕ್ ಅವಳ ಚೀಲದಲ್ಲಿತ್ತು. ಐದನೆಯ ಎಸೆತದಲ್ಲಿ, ಕಲ್ಲಿನ ಮೂಲೆ ದಾಟುವಾಗ, ಯಾರೋ ದಾರವನ್ನು ಗುದ್ದಿದ ಹಾಗಾಯಿತು, ಕೋಲು ಬಾಗಿತು. ರಾಡಿ ನೀರಿನೊಳಗೆ ಮೀನು ಎತ್ತ ಹೋಗುತ್ತಿದೆ ಎಂದು ಕಾಣುತ್ತಿರಲಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತಿತ್ತು. ಅಕ್ಕ ಮೊಣಕಾಲೂರಿ, ಸೀರೆ ನೆನೆದರೂ ಲೆಕ್ಕಿಸದೆ, ಬಲೆ ಕೆಳಗಿಳಿಸಿ ಎತ್ತಿದಳು. ತೂಕದ ಬಾಸ್.

ಪೋಸ್ಟ್‌ಮಾಸ್ತರು ಓಡಿ ಬಂದು ನೋಡಿದರು. ಎಂಟು ತಿಂಗಳ ಹಿಂದೆ ನಕ್ಕದ್ದು ಅವರನ್ನೂ ಚುಚ್ಚುತ್ತಿತ್ತೇನೋ. ಒಪ್ಪಿಕೊಂಡೆ ಪೇಂಟರೇ, ನಿಮ್ಮ ಬಣ್ಣಕ್ಕೇ ಬಿತ್ತು ಎಂದರು.

ಪೇಂಟರ್ ಮೀನಿನ ಬಾಯಿಂದ ಕೊಕ್ಕೆ ಬಿಡಿಸಿ, ಸುಳ್ಳುಮೀನನ್ನು ಅಂಗೈಯಲ್ಲಿ ತಿರುಗಿಸಿ ಹೊಟ್ಟೆ ಮೇಲೆ ಮಾಡಿದ. ಹಸಿರು, ಬೆಳ್ಳಿ, ಹುರುಪೆ, ಕಣ್ಣು ಎಲ್ಲ ಕೆಳಗಾಯಿತು. ಸೊಟ್ಟ ಉಂಗುರವೊಂದೇ ಮೇಲೆ ಉಳಿಯಿತು.

“ನನ್ನದಕ್ಕಲ್ಲ ರೀ” ಎಂದ. “ಭಾವನ ಬಣ್ಣಕ್ಕೆ ಬಿತ್ತು.”